ಬಾಗಿಲ ಹೊರಗಿನ ಕರಿಬೇವು

ಇಂಡಿ
೨೩-೯-೨೦೨೪, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಸುನಂದಾ ಕಾಲಿಗೆ ಬಿದ್ದು ಬರೆಯುವುದು. ಪ್ರತಿ ಸಲವೂ ಹೀಗೆಯೇ ಬರೆಯುತ್ತೇನೆ, ಆದರೆ ಇವತ್ತಿನದು ರೂಢಿಯ ಮಾತಲ್ಲ, ನಿಜವಾಗಿಯೂ ಕಾಲು ಹಿಡಿದುಕೊಂಡಿದ್ದೇನೆ ಎಂದು ತಿಳಿದು ಓದಿರಿ. ನಿಮ್ಮ ಮೊಣಕಾಲು ಹೇಗಿದೆ? ಸಿಂದಗಿಯ ನೀರು ಒಗ್ಗಿತೇ? ವಿಜಯಶ್ರೀ ಬಾಣಂತಿ ಎಂದು ಮೂರು ಹೊತ್ತೂ ನೀವೇ ಒಲೆಯ ಮುಂದೆ ನಿಲ್ಲಬೇಡಿ, ಅಳಿಯಂದಿರಿಗೂ ಎರಡು ಪಾತ್ರೆ ತೊಳೆಯಲು ಬರುತ್ತದೆ. ಕೂಸು ಈಗ ರಾತ್ರಿ ಮಲಗುತ್ತದೆಯೋ, ಇನ್ನೂ ನಿಮ್ಮ ಹೆಗಲ ಮೇಲೆಯೇ ಬೆಳಗು ಮಾಡುತ್ತದೆಯೋ? ಇವತ್ತು ಬೆಳಗಿನ ಬಸ್ಸಿನ ಕಂಡಕ್ಟರ್ ಮೋದಿನಸಾಬರ ಕೈಯಲ್ಲಿ ನಿಮ್ಮ ಮಗ ಕಳಿಸಿದ ನಿಂಬೆಹಣ್ಣಿನ ಚೀಲ ಮುಟ್ಟಿರಬೇಕು. ಈ ಪತ್ರವನ್ನೂ ನಾಳೆ ಅವರ ಕೈಯಲ್ಲೇ ಕೊಡುತ್ತೇನೆ. ಫೋನಿನಲ್ಲಿ ಹೇಳಬಾರದಿತ್ತೇ ಎನ್ನಬೇಡಿ. ನಿಮ್ಮ ಕಿವಿಗೆ ಮುಟ್ಟಬೇಕೆಂದರೆ ನಾನು ಕೂಗಬೇಕು, ಕೂಗಿದರೆ ನಿಮಗಿಂತ ಮೊದಲು ಓಣಿಗೆ ಕೇಳಿಸುತ್ತದೆ. ಅತ್ತೆ, ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ, ನಿಮ್ಮ ಕರಿಬೇವಿನ ವಿಷಯದಲ್ಲಿ. ಉಳಿದ ಗಿಡಗಳು ಬದುಕಿವೆ ಎಂದು ಮೊದಲು ಹೇಳಿಬಿಡುತ್ತೇನೆ, ಬೈಯುವಾಗ ಅದೂ ನಿಮಗೆ ನೆನಪಿರಲಿ.

ನೀವು ಹೋಗಿ ಐವತ್ತು ದಿನ ಆಯಿತು. ಮೊದಲ ಹದಿನೈದು ದಿನ ನಾನು ಗಿಡದ ಎಲ್ಲ ಡಬ್ಬಿಗೂ ದಿನಾ ಒಂದೇ ಸಮ ನೀರು ಸುರಿದೆ. ಮಲ್ಲಿಗೆಯ ಎಲೆ ಹಳದಿಯಾದವು, ಬಾಯಾರಿದೆ ಎಂದು ಇನ್ನೊಂದು ತಂಬಿಗೆ ಹಾಕಿದೆ. ಪಕ್ಕದ ಮನೆಯ ಗುಲನಾಜ ಬಂದು ಡಬ್ಬಿ ಎತ್ತಿ ನೋಡಿ, "ಅಕ್ಕ, ಡಬ್ಬಿ ಭಾರ ಐತಿ ಅಂದ್ರ ಒಳಗ ನೀರೈತಿ, ಗಿಡ ಮುಳುಗಾಕತ್ತೇತಿ" ಎಂದಳು. ಕೆಳಗಿನ ತೂತು ಎರೆಮಣ್ಣಿನಿಂದ ಮುಚ್ಚಿಕೊಂಡಿತ್ತು. ಮೊಳೆಯಿಂದ ಬಿಡಿಸಿ, ತೂತಿನ ಮೇಲೆ ಒಡೆದ ಗಡಿಗೆಯ ಚೂರು ಇಟ್ಟು, ಎರೆಮಣ್ಣಿಗೆ ಅರ್ಧ ಉಸುಕು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಮತ್ತೆ ನೆಟ್ಟೆ. ಈಗ ಎಲ್ಲ ಡಬ್ಬಿಗಳೂ ಮಾಳಿಗೆಯ ಮೇಲೆ ಇಟ್ಟಂಗಿಯ ಮೇಲೆ ಕೂತಿವೆ, ನೆಲದ ಕಾವು ಬೇರಿಗೆ ಹತ್ತುವುದಿಲ್ಲ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡುತ್ತೇನೆ, ಒಳಗೆ ತಂಪಿದ್ದರೆ ಅವತ್ತು ನೀರಿಲ್ಲ. ಬೋರಿನ ನೀರಿನ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಕೂತಿದ್ದನ್ನು ಕೆರೆದು ತೆಗೆದು, ಮಳೆಯ ನೀರು ಹಿಡಿದು ಎರಡು ಸಲ ತುಂಬ ಹರಿಸಿದೆ. ಪುದೀನ ನೀರಿನ ಟಾಕಿಯ ನೆರಳಿಗೆ ಹೋದ ಮೇಲೆ ಚೆನ್ನಾಗಿದೆ. ಗುಲಾಬಿ ಕತ್ತರಿಸಲು ಧೈರ್ಯ ಸಾಲದೆ ವಾರಗಟ್ಟಲೆ ನೋಡುತ್ತ ನಿಂತಿದ್ದೆ, ಕೊನೆಗೆ ಹೊರಮುಖದ ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸಿದೆ, ಈಗ ಮೂರು ಚಿಗುರು ಬಂದಿವೆ. ಇಷ್ಟು ನನ್ನ ಪುಣ್ಯದ ಕಡೆ.

ಇನ್ನು ಪಾಪದ ಕಡೆ. ಕರಿಬೇವಿನ ಎಲೆಯ ಮೇಲೆ ಸಣ್ಣ ಸಣ್ಣ ಕಪ್ಪು ಬಿಳಿ ಕಲೆ ಕಂಡವು. ಗುಬ್ಬಿಯ ಹಿಕ್ಕೆ ಎಂದುಕೊಂಡೆ. ನೀವು ಹೋಗುವ ದಿನ ಚೀಲ ಹಿಡಿದುಕೊಂಡೇ ಹೇಳಿದ್ದಿರಿ, "ಹಕ್ಕಿ ಹಿಕ್ಕಿ ಹಂಗ ಕಾಣ್ತಾವ, ಮೋಸ ಹೋಗಬ್ಯಾಡ, ಅವು ಹುಳ. ಕಂಡಾಗ ಕಡ್ಡಿಲೆ ತಗದು ಒಗಿ." ಆ ಮಾತು ನನಗೆ ನೆನಪಾದದ್ದು ಆ ಹಿಕ್ಕೆಗಳು ಕಿರುಬೆರಳಿನಷ್ಟು ಉದ್ದದ ಹಸಿರು ಹುಳಗಳಾಗಿ ನಡೆಯತೊಡಗಿದ ಮೇಲೆ. ನಾಲ್ಕು ದಿನದಲ್ಲಿ ಅರ್ಧ ಗಿಡ ಬೋಳಾಯಿತು. ನೀವು ಹನ್ನೆರಡು ವರ್ಷ ಹುಳಿ ಮಜ್ಜಿಗೆ ಉಣಿಸಿ ಬೆಳೆಸಿದ ಗಿಡ, ನನ್ನ ಕೈಯಲ್ಲಿ ಎರಡು ತಿಂಗಳೂ ಉಳಿಯಲಿಲ್ಲ ಎಂದರೆ ನಿಮ್ಮ ಮುಂದೆ ಹೇಗೆ ನಿಲ್ಲಲಿ? ನನಗೆ ನಿಮ್ಮ ಬೈಗುಳದ ಭಯವಿಲ್ಲ, ನೀವು ಬೈಯದೆ ಸುಮ್ಮನೆ ಗಿಡ ಸವರುತ್ತ ನಿಲ್ಲುತ್ತೀರಲ್ಲ, ಅದರ ಭಯ.

ಆ ಭಯವೇ ಬುದ್ಧಿ ಕೆಡಿಸಿತು. ನಮ್ಮ ನಿಂಬೆ ತೋಟದಲ್ಲೂ ಇದೇ ಹುಳ, ಇದೇ ಹಸಿರು, ಮುಟ್ಟಿದರೆ ಕೊಂಬು ಚಾಚಿ ಬಿಡುವ ಇದೇ ವಾಸನೆ. ಅದಕ್ಕೆ ನಿಮ್ಮ ಮಗ ಹೊಡೆಯುವ ಔಷಧದ ಬಾಟಲಿ ಪಡಸಾಲೆಯ ಮೂಲೆಯಲ್ಲೇ ಇತ್ತು. ಹುಳ ಒಂದೇ ಅಂದ ಮೇಲೆ ಔಷಧವೂ ಒಂದೇ ಎಂದುಕೊಂಡೆ. "ತಿನ್ನೋ ಗಿಡಕ್ಕ ಬಾಟ್ಲಿ ಔಷಧ ಮುಟ್ಟಸಬ್ಯಾಡ" ಎಂದು ನೀವು ಹೇಳಿದ್ದು ಕಿವಿಯಲ್ಲಿ ಇತ್ತು, ಆದರೂ ಒಂದು ಸಲಕ್ಕೆ ಏನಾದೀತು ಎನಿಸಿತು. ಅವರು ತೋಟದಲ್ಲಿ ಪಂಪಿಗೆ ಎರಡು ಮುಚ್ಚಳ ಹಾಕುವುದನ್ನು ನೋಡಿದ್ದೆ. ಪಂಪು ಎಂದರೆ ಒಂದು ಕೊಡ ನೀರು ಹಿಡಿಯುತ್ತದೆ ಎನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಬಟ್ಟೆಗೆ ನೀರು ಚಿಮುಕಿಸುವ ಸಣ್ಣ ಬಾಟಲಿಗೆ ಎರಡು ಮುಚ್ಚಳ ಹಾಕಿ, ನಿನ್ನೆ ಸಂಜೆ ಎಲೆಯ ಮೇಲೂ ಕೆಳಗೂ ತೋಯುವ ಹಾಗೆ ಹೊಡೆದೆ. ಹುಳ ಪಟಪಟ ಉದುರಿದವು. ನನಗೆ ಖುಷಿಯೂ ಆಯಿತು, ದೇವರಾಣೆ. ಇವರಿಗೂ ಹೇಳಲಿಲ್ಲ, ತೋಟದ ಔಷಧ ಮುಟ್ಟಿದ್ದಕ್ಕೆ ಬೈದಾರೆಂದು.

ಇವತ್ತು ಬೆಳಿಗ್ಗೆ ಕಸ ಹೊಡೆಯಲು ಹೊರಗೆ ಬಂದೆ. ಗಿಡದಲ್ಲಿ ಎರಡು ಕಡೆ ಹೊಸದಾಗಿ ಮುರಿದ ಗಾಯ. ಎರಡು ಟೊಂಗೆ ಇಲ್ಲ. ಅತ್ತೆ, ಆ ಗಿಡವನ್ನು ಬಾಯಿ ಒಡೆದ ಮಣ್ಣಿನ ಹರವಿಯಲ್ಲಿ ನೆಟ್ಟು ಬಾಗಿಲ ಹೊರಗೆ, ಓಣಿಯ ಕಡೆಗೆ ಇಟ್ಟವರು ನೀವು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಳಗಿಡೋಣ ಎಂದಾಗ ನೀವು ಹೇಳಿದ್ದು ಇನ್ನೂ ನೆನಪಿದೆ: "ಕರಿಬೇವು ಕೇಳಿ ತಗೊಳ್ಳೋ ಸಾಮಾನಲ್ಲ. ಕೇಳಬೇಕಂದ್ರ ಮನಿಯವರ ಮಾರಿ ನೋಡಬೇಕಾಕ್ಕತಿ. ಬ್ಯಾಡ, ಹರಕೊಂಡು ಹೋಗಲಿ." ಅಂದಿನಿಂದ ಓಣಿಯ ಹನ್ನೊಂದು ಮನೆಯವರೂ ಹರಿದುಕೊಂಡು ಹೋಗುತ್ತಾರೆ, ಯಾರು ಎಂದು ನಾವು ಕೇಳಿಲ್ಲ, ಅವರು ಹೇಳಿಲ್ಲ. ಆ ಹನ್ನೊಂದರಲ್ಲಿ ಯಾವ ಎರಡು ಮನೆಯ ಒಗ್ಗರಣೆಗೆ ನನ್ನ ವಿಷ ಬಿದ್ದಿದೆಯೋ ನನಗೆ ಗೊತ್ತಿರಲಿಲ್ಲ.

ಓಡಿದೆ. ಆದರೆ ಬಾಯಿಗೆ ನಿಜ ಬರಲಿಲ್ಲ. ಶಂಕ್ರೆವ್ವನ ಸೊಸೆ ಓಣಿಗೆಲ್ಲ ವಿಷ ಹಾಕಿದಳು ಎನ್ನುತ್ತಾರೆಂದು ಹೆದರಿ, ಕರಿಬೇವಿನ ಮೇಲೆ ಹಲ್ಲಿ ಬಿದ್ದು ಸತ್ತಿತ್ತು, ಯಾರಾದರೂ ಒಯ್ದಿದ್ದರೆ ಚೆಲ್ಲಿರಿ ಎಂದು ಮನೆ ಮನೆಗೆ ಹೇಳಿದೆ. ನಾನೇ ಬಲು ಜಾಣೆ ಎಂದುಕೊಂಡಿದ್ದೆ. ಎಲ್ಲರೂ ನಾವು ಇವತ್ತು ಒಯ್ದಿಲ್ಲ ಎಂದರು. ಕೊನೆಗೆ ಗುಲನಾಜಳ ಮನೆ. ಅವಳು ಹಿಟ್ಟು ನಾದುತ್ತ ನಕ್ಕಳು, "ಹಲ್ಲಿ ಬಿದ್ರ ಏನಾತ್ರಿ ಅಕ್ಕ, ನಾ ಮೂರು ನೀರಿನಾಗ ತೊಳದೇನಿ. ಮೆಹರಾಜನ ಡಬ್ಬಿಗೆ ಚುರಮರಿ ಸುಸಲಾ ಮಾಡಿ ಕೊಟ್ಟು ಕಳಿಸೇನಿ." ಅವಳ ಮಗಳು ಮೆಹರಾಜ ನಿಮಗೆ ಗೊತ್ತಲ್ಲ, ಮೂರನೇ ಇಯತ್ತೆ, ಆಯಿ ಆಯಿ ಎಂದು ನಿಮ್ಮ ಸೆರಗು ಹಿಡಿದು ತಿರುಗುವವಳು. ನನ್ನ ಸುಳ್ಳು ಅಲ್ಲಿಗೆ ಮುಗಿಯಿತು. ಹಲ್ಲಿಗೆ ಹೆದರದವರನ್ನು ಇನ್ನಾವುದಕ್ಕೆ ಹೆದರಿಸಲಿ? "ಗುಲನಾಜ, ಹಲ್ಲಿ ಅಲ್ಲ, ನಾನು ಔಷಧ ಹೊಡದೇನಿ" ಎಂದೆ. ಅವಳು ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ನನ್ನ ಸ್ಕೂಟಿಯ ಕೀಲಿ ಕಸಿದುಕೊಂಡು ಹೊರಗೆ ಓಡಿದಳು.

ಔಷಧದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹಿಂದೆ ಕೂತೆ. ನನ್ನ ಫೋನು ಗೋಡೆಯ ಮಾಡದಲ್ಲೇ ಉಳಿಯಿತು. ಶಾಲೆಯ ದಾರಿ ಎಷ್ಟಿದೆ, ಹತ್ತು ನಿಮಿಷ. ಅಷ್ಟರಲ್ಲಿ ನಾನು ಹೊರದ ಹರಕೆ ಇಲ್ಲ, ಬಸವಣ್ಣನಿಂದ ಹಿಡಿದು ಗುಲನಾಜಳ ದರ್ಗಾದವರೆಗೆ. ಸಣ್ಣ ಬಿಡುವಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಆದರೆ ಡಬ್ಬಿ ಬಿಚ್ಚಿದರೆ ಸುಸಲಾ ಒಂದು ಕಡೆ ಕುಳಿ ಬಿದ್ದಿತ್ತು. ದಾರಿಯಲ್ಲಿ ಎರಡು ಮುಟಿಗೆ ತಿಂದಿದ್ದಳಂತೆ. ಮುಚ್ಚಳದ ಒಳಗೆ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಸಾಲಾಗಿ ಅಂಟಿಸಿದ್ದಳು ಹುಡುಗಿ, ಅವಳಿಗೆ ಎಲೆ ಸೇರುವುದಿಲ್ಲ. ಅದಕ್ಕೆ ಎಷ್ಟು ಸಲ ಬೈಸಿಕೊಂಡಿದ್ದಾಳೋ. ಅಲ್ಲಿಂದ ನೇರ ದವಾಖಾನೆಗೆ ಒಯ್ದೆವು. ಡಾಕ್ಟರು ಬಾಟಲಿಯ ಹೆಸರು ಓದಿ, ಹುಡುಗಿಯ ಕಣ್ಣಿನ ಪಾಪೆ, ನಾಡಿ, ಬೆವರು ನೋಡಿ, ಮಧ್ಯಾಹ್ನದವರೆಗೆ ಅಲ್ಲೇ ಕೂರಿಸಿಕೊಂಡರು. ಬಾಟಲಿ ತಂದದ್ದು ಒಳ್ಳೆಯದಾಯಿತು ಎಂದರು, ಆಮೇಲೆ ನನಗೆ ಹತ್ತು ಜನರ ಮುಂದೆ ಉಗಿದರು. ಅದು ನನಗೆ ಸಲ್ಲಬೇಕಾದದ್ದೇ. ಮೆಹರಾಜ ಈಗ ಮನೆಯಲ್ಲಿ ಆಡುತ್ತಿದ್ದಾಳೆ, ಏನೂ ಆಗಿಲ್ಲ, ನೀವು ಗಾಬರಿಯಾಗಬೇಡಿ. ಆದರೂ ನಾನು ತಾಸಿಗೊಮ್ಮೆ ಹೋಗಿ ಅವಳ ಕಣ್ಣು ನೋಡಿ ಬರುತ್ತಿದ್ದೇನೆ.

ದವಾಖಾನೆಯಲ್ಲಿ ಕೂತಿದ್ದಾಗ ಗುಲನಾಜಳಿಗೆ ಒಂದು ಫೋನು ಬಂತು. ಎದ್ದು ದೂರ ಹೋಗಿ ಮಾತಾಡಿದಳು, ಮಾತಾಡುತ್ತ ನನ್ನ ಕಡೆ ತಿರುಗಿ ನೋಡಿದಳು. ಗಂಡನಿಗೆ ಹೇಳುತ್ತಿದ್ದಾಳೆ, ಇನ್ನು ಎರಡು ಮನೆಯ ಬಳಕೆ ಮುಗಿಯಿತು ಎಂದುಕೊಂಡೆ. ತಿರುಗಿ ಬಂದು, "ಇನ್ನೊಂದು ಟೊಂಗಿದು ಚಿಂತಿ ಬಿಡ್ರಿ ಅಕ್ಕ" ಎಂದಳು. ಬಾಯಿಮಾತಿನ ಸಮಾಧಾನ. ಅವಳ ಟೊಂಗೆ ಸಿಕ್ಕಿತು, ಅವಳಿಗೇನು, ಎಂದು ಒಂದು ಕ್ಷಣ ಸಿಟ್ಟೂ ಬಂತು, ಆಮೇಲೆ ನಾಚಿಕೆಯಾಯಿತು. ಮನೆಗೆ ಬಂದು ಎರಡನೇ ಸಲ ಉಳಿದ ಹತ್ತೂ ಮನೆ ಹತ್ತಿಳಿದೆ, ಈ ಸಲ ನಿಜ ಹೇಳಿಕೊಂಡು. ಅದು ಮೊದಲ ಸಲಕ್ಕಿಂತ ಕಠಿಣ. ಇಬ್ಬರು ಬಾಗಿಲು ಹಾಕಿಕೊಂಡರು. ನಿವೃತ್ತ ಮಾಸ್ತರ ಬಸಂತರಾಯರು ಮಾತ್ರ, "ತಂಗಿ, ಹಲ್ಲಿ ಅಂದ್ರ ಜನ ತೊಳಕೊಂಡು ತಿಂತಾರ, ವಿಷ ಅಂದ್ರ ಚೆಲ್ತಾರ. ಮೊದಲ ಖರೇ ಹೇಳಬೇಕಿತ್ತು" ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಯಾರೂ ಎರಡನೇ ಟೊಂಗೆ ಒಯ್ದಿಲ್ಲವಂತೆ. ಹಾಗಾದರೆ ಅದು ಎಲ್ಲಿ ಹೋಯಿತು? ದಾರಿಯಲ್ಲಿ ಹೋಗುವವರು ಯಾರಾದರೂ ಮುರಿದರೇ? ಹೊರಗೆ ಆಟೋ ನಿಂತ ಸಪ್ಪಳವಾದರೂ ದವಾಖಾನೆಗೆ ಯಾರನ್ನೋ ಒಯ್ಯಲು ಬಂತೇನೋ ಎಂದು ಎದ್ದು ನೋಡುತ್ತೇನೆ. ಫೋನು ತೆಗೆದು ನೋಡಿದರೆ ವಿಜಯಶ್ರೀಯ ಮೂರು ಮಿಸ್ಡ್ ಕಾಲ್. ತಿರುಗಿ ಮಾಡುವ ಧೈರ್ಯವಾಗಲಿಲ್ಲ, ನನ್ನ ದನಿ ಕೇಳಿದರೆ ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ನಿಮ್ಮ ಮಗನನ್ನು ಕೇಳಿ ಉಪಯೋಗವಿಲ್ಲ. ತೋಟದಲ್ಲಿ ರೇಂಜ್ ಸಿಗುವುದಿಲ್ಲ, ಸಿಕ್ಕರೂ ಅವರಿಗೆ ಕರಿಬೇವು ಎಂದರೆ ತಟ್ಟೆಯ ಅಂಚಿಗೆ ತೆಗೆದಿಡುವ ಎಲೆ, ಗಿಡ ಯಾವ ಕಡೆ ಇದೆ ಎಂಬುದೂ ಗೊತ್ತಿರಲಿಕ್ಕಿಲ್ಲ.

ಗಿಡವನ್ನು ಒಳಗೆ ತಂದಿದ್ದೇನೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೊಣಕಾಲೆತ್ತರಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನು ಆಡು ಮುಟ್ಟದ ಹಾಗೆ ಆಳವಾಗಿ ಹುಗಿದೆ. ಯಾರೂ ಮುಟ್ಟದಿರಲೆಂದು ಹರವಿಗೆ ಕೆಂಪು ಅರಿವೆ ಕಟ್ಟಿದ್ದೇನೆ. ಚಿಗುರು ಬಂದರೂ ಎಷ್ಟು ದಿನ ಮುಟ್ಟಬಾರದು, ನೀವೇ ಹೇಳಬೇಕು; ನಾನಂತೂ ಮೊದಲ ಚಿಗುರನ್ನೂ ಚಿವುಟಿ ಹುಗಿಯಬೇಕೆಂದಿದ್ದೇನೆ. ಇನ್ನು ಮೇಲೆ ಹಿಕ್ಕೆ ಕಂಡರೂ ಕಡ್ಡಿಯಿಂದ ಮುಟ್ಟಿ ನೋಡುತ್ತೇನೆ. ದಿನಾ ಬೆಳಿಗ್ಗೆ ಎಲೆಯ ಕೆಳಗೆ ನೋಡುವವಳಿಗೆ ಔಷಧ ಬೇಕಾಗುವುದಿಲ್ಲ ಎನ್ನುತ್ತಿದ್ದಿರಲ್ಲ, ಅದು ಇವತ್ತು ಅರ್ಥವಾಯಿತು. ಒಂದೇ ಮಾತು ಕೇಳುತ್ತೇನೆ, ಗಿಡ ಬದುಕಿದರೆ ಮತ್ತೆ ಬಾಗಿಲ ಹೊರಗೆ ಇಡಲೇ? ಇಟ್ಟರೆ ಯಾರಾದರೂ ಹರಿದುಕೊಳ್ಳುತ್ತಾರೆಯೇ?

ಕೂಸಿನ ಕಾಲಿಗೆ ನನ್ನ ಮುತ್ತು, ವಿಜಯಶ್ರೀಗೆ ಪ್ರೀತಿ, ಅಳಿಯಂದಿರಿಗೆ ನಮಸ್ಕಾರ. ನನ್ನನ್ನು ಬೈದು ಒಂದು ಸಾಲಾದರೂ ಬರೆಯಿರಿ.

ನಿಮ್ಮ ಸೊಸೆ,
ಸುನಂದಾ

ತಾ.ಕ.: ಪತ್ರ ಮಡಿಚಿ ಇಟ್ಟಿದ್ದೆ, ಈಗ ಸಂಜೆ ಆರು. ನಿಮ್ಮ ಮಗ ತೋಟದಿಂದ ಬಂದು ಕಾಲು ತೊಳೆಯುತ್ತ, "ಅವ್ವಗ ನಿಂಬಿಹಣ್ಣಿನ ಚೀಲದಾಗ ಒಂದು ಟೊಂಗಿ ಕರಿಬೇವೂ ಮುರದು ಹಾಕಿದ್ದೆ, ಮುಟ್ಟೇತೇನು?" ಎಂದು ಕೇಳಿದರು. ಬಾಣಂತಿಯ ಮನೆ, ಹಾಲು ಕುಡಿಯುವ ಕೂಸು. ಕೂಡಲೇ ವಿಜಯಶ್ರೀಗೆ ಫೋನ್ ಹಚ್ಚಿ ಅಳುತ್ತ ಎಲ್ಲ ಹೇಳಿದೆ. ಅವಳು ಅಂದಳು, "ವೈನಿ, ಅವ್ವ ಚೀಲ ಬಿಚ್ಚಿದಾಕಿನ ಮೂಸಿ ನೋಡಿ, ಔಷಧದ ವಾಸನಿ ಬಂದದ್ದಕ್ಕ ಹಣ್ಣು ಸಮೇತ ಹಿತ್ತಲದಾಗ ಹುಗಿದು ಬಂದ್ಲು. ನೀ ಫೋನ್ ಎತ್ತಲಿಲ್ಲ, ಗುಲನಾಜಗ ಹಚ್ಚಿ ಓಣ್ಯಾಗ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಾಕ ಹ್ವಾದ್ರ, ಸುನಂದಕ್ಕ ತಾನ ಬಂದು ಹೇಳ್ಯಾಳ ಅಂದ್ಲಕಿ. ಅಷ್ಟು ಕೇಳಿದ ಕೂಡಲೇ ಅವ್ವ ನಕ್ಕಳು. ಇಕಿಗಿ ಯಾರೂ ಏನೂ ಹೇಳಬ್ಯಾಡ್ರಿ, ನನಗೂ ತಾನ ಬರೀತಾಳ, ತಡೀರಿ, ಅಂದ್ಲು." ಅತ್ತೆ, ಎಲ್ಲ ಗೊತ್ತಿದ್ದವರಿಗೆ ಇಷ್ಟುದ್ದ ಬರೆದಿದ್ದೇನೆ, ಹರಿದು ಹಾಕಲು ಮನಸ್ಸು ಬರಲಿಲ್ಲ. ಮೋದಿನಸಾಬರು ತಂದ ಈ ಚೀಲವನ್ನೂ ಮೂಸಿಯೇ ಬಿಚ್ಚಿರುತ್ತೀರಿ, ಈ ಸಲ ಅದರಲ್ಲಿ ಪತ್ರ ಮಾತ್ರ ಇದೆ.