ಚರಂಡಿಗೆ ಹೋದ ಮಜ್ಜಿಗೆ

೧೯ ಆಗಸ್ಟ್ ೧೯೫೪, ಗುರುವಾರ. ಜಮಖಂಡಿ.

ಸಿಟ್ಟು ಇನ್ನೂ ಇಳಿದಿಲ್ಲ. ಮುಧೋಳದಿಂದ ಬರುವಾಗ ದಾರಿಯಲ್ಲಿ ಬಸ್ಸು ಒಂದು ಸಂತೆಯ ಹತ್ತಿರ ನಿಂತಿತ್ತು. ಕಾಲರಾ ಭಯವಿದೆಯೆಂದು ಆರೋಗ್ಯ ಇನ್ಸ್‌ಪೆಕ್ಟರರು ತಪಾಸಣೆಗೆ ಬಂದಿದ್ದರು. ಒಳ್ಳೆಯ ಕೆಲಸವೇ. ಆದರೆ ಮಜ್ಜಿಗೆ ಮಾರುವ ಸತ್ಯವ್ವನಿಗೆ ಅವರು ಕೇಳಿದ ಮೊದಲ ಪ್ರಶ್ನೆ, "ಯಾರ ಪೈಕಿ ಬೇ ನೀ?"

"ಕುರುಬರ್ರೀ."

ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಅದನ್ನು ಬಿಚ್ಚಿ ನೋಡಲೂ ಇಲ್ಲ. "ಮಡಿ ಇಲ್ಲ, ಶುದ್ಧ ಇಲ್ಲ" ಎಂದು ಅಷ್ಟನ್ನೂ ಚರಂಡಿಗೆ ಸುರಿಸಿದರು. ಮನೆಯ ಮಕ್ಕಳಿಗೂ ಉಳಿಸದೆ ತಂದಿದ್ದಳಂತೆ.

ಆಮೇಲೆ ಪಕ್ಕದ ಕೃಷ್ಣಾಜಿಯ ಅಂಗಡಿಯಲ್ಲಿ ಚಹಾಕ್ಕೆ ಕೂತರು. ಕೃಷ್ಣಾಜಿ ಮಡಿ ಉಟ್ಟೇ ಚಹಾ ಮಾಡುತ್ತಾನೆ, ಖರೆ. ಆದರೆ ಜಿಲೇಬಿಗೆ ನೊಣ ಮುತ್ತಿದ್ದವು. ಬಂದವರ ಕಪ್ಪನ್ನೆಲ್ಲ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಸಾಹೇಬರ, ಆ ಬಕೆಟ್ಟಿನ ನೀರು ಒಂದು ಗುಟುಕು ಕುಡೀರಿ, ನೋಡೂಣು."

ಅವರಿಗಿಂತ ಮೊದಲು ಕೃಷ್ಣಾಜಿಯೇ ಗಾಬರಿಯಾದ. "ಅಯ್ಯ, ಅದು ಕಪ್ ತೊಳಿಯೂ ನೀರ್ರಿ, ಕುಡಿಯೂದಲ್ಲ!"

ಸಾಹೇಬರು ಕೈಯಲ್ಲಿದ್ದ ಕಪ್ಪು ನೋಡಿಕೊಂಡರು. ಆಮೇಲೆ ಉಳಿದ ಚಹಾವನ್ನೂ ಕುಡಿದರು.

ಸತ್ಯವ್ವ ಬರಿ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಈ ಮಡಿ ಅನ್ನೂದು ಯಾವ ಅಂಗಡ್ಯಾಗ ಸಿಗತೈತ್ರಿ? ಮುಂದಿನ ಸಂತಿಗೆ ಒಂದೀಟು ಕೊಂಡು ಮಜ್ಜಿಗ್ಯಾಗ ಹಾಕ್ಕೊಂಡು ಬರತೀನಿ."

ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಬರಿ ಗಡಿಗೆ ಹೊತ್ತು ಊರ ಕಡೆ ನಡೆದಿದ್ದಳು.