ಕಮ್ಮಾರ ಜೋಡಣೆ

ಗದಗ, ೨೧೯೩ನೇ ಇಸವಿ, ಹದಿಮೂರನೆಯ ತಿಂಗಳ ಆರನೇ ದಿನ

ಮಾನ್ಯ ಪ್ರಭಾ ಅವರಿಗೆ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ವರ್ಷಕ್ಕೆ ಹದಿಮೂರು ತಿಂಗಳು ಮಾಡಿಕೊಂಡವರು ನಾವು. ನಿಮ್ಮ ಹೆಸರು ಸಿಕ್ಕಿದ್ದು ಒಂದು ಹಳೆಯ ಮೇಜಿನ ಅಡಿಯಲ್ಲಿ: 'ಪ್ರಭಾ ಟೈಪಿಂಗ್, ಗದಗ' ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಈ ಕಾಗದ ಇಷ್ಟು ವರ್ಷ ಹಿಂದಕ್ಕೆ ಹೋಗಿ ನಿಮ್ಮನ್ನು ಹೇಗೆ ಮುಟ್ಟೀತೋ ತಿಳಿಯದು. ಇಲ್ಲಿ ಯಾರಿಗೂ ಹೇಳುವ ಧೈರ್ಯವಿಲ್ಲದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನಾನು ಶಾಂಭವಿ ಕಮ್ಮಾರ, ಕನ್ನಡಕ ರಿಪೇರಿ ಮಾಡುವವಳು. ನನ್ನ ಕೋಣೆಯಲ್ಲೇ ಇಮಾಂಬಿ ಎಂಬ ಹಿರಿಯರು ಬಟ್ಟೆ ಹೊಲಿಯುತ್ತಿದ್ದರು. ಕೋಣೆ ಹತ್ತಡಿಗೆ ಎಂಟಡಿ. ಇಲ್ಲಿನ ಗೋಡೆಗಳು ಹಳಿಯ ಮೇಲೆ ಸರಿಯುತ್ತವೆ, ಸರಿಗೋಡೆ ಎನ್ನುತ್ತೇವೆ. ಯಾರಿಗೆಷ್ಟು ಜಾಗ ಎಂಬುದನ್ನು ಜಾಗದ ಕಚೇರಿ ನಿರ್ಧರಿಸುತ್ತದೆ. ಇಮಾಂಬಿಯವರಿಗೆ ಬಲಮಂಡಿ ಮಡಚಲು ಬರುತ್ತಿರಲಿಲ್ಲ. ಕಾಲು ಬಾಗಿಲಿಗೆ ಅಡ್ಡವಾಗುತ್ತಿತ್ತು. ಯಾರೇ ಬಂದರೂ ಹೊಲಿಗೆ ಬಿಟ್ಟು ಎದ್ದು ನಿಲ್ಲಬೇಕಿತ್ತು.

ಅದಕ್ಕೇ ಹಳೆ ಸಾಮಾನಿನ ಗೋದಾಮಿನಿಂದ ನಿಮ್ಮ ಮೇಜನ್ನೂ ನಿಮ್ಮ ಕಾಲದ ಎರಡು ರೆಡಿಮೇಡ್ ಕಪಾಟುಗಳನ್ನೂ ತಂದೆ. ಮೇಜಿನ ಕಾಲು ಬಿಚ್ಚಿ ಹಲಗೆಯನ್ನು ಕಪಾಟುಗಳ ಮೇಲೆ ಕೂರಿಸಿದೆ. ಒಂದರಲ್ಲಿ ನನ್ನ ಗಾಜುಗಳು, ಇನ್ನೊಂದರಲ್ಲಿ ಅವರ ನೂಲುಂಡೆಗಳು. ಕಪಾಟಿನ ಬಾಗಿಲಿಗೆ ಕೀಲು ಹಾಕಿ, ಹೊಲಿಗೆ ಯಂತ್ರಕ್ಕೆ ಮಡಚುವ ಹಲಗೆ ಮಾಡಿದೆ. ಕೋಣೆಯ ಮೂರನೇ ಒಂದು ಭಾಗ ಬರಿದಾಯಿತು. ಇಮಾಂಬಿ ಅಲ್ಲಿ ಚಾಪೆ ಹಾಸಿ ಕೂತು, "ಎಷ್ಟ ವರ್ಷಾತವಾ ಹಿಂಗ ಕಾಲ ಚಾಚಿ," ಎಂದು ಕಣ್ಣು ಮುಚ್ಚಿದರು.

ಮುಂದಿನ ವಾರ ಕಚೇರಿಯ ಅಳತೆಗಾರ ಬಂದ. ಎಲ್ಲವನ್ನೂ ನಾನೇ ಮಡಚಿ, ಬಿಚ್ಚಿ ತೋರಿಸಿದೆ. ಹೊಗಳಲಿ ಎಂಬ ಆಸೆಯಿತ್ತು.

"ಇಬ್ಬರ ಕೆಲಸಾನೂ ಇಷ್ಟರಾಗ ಆಗತೈತೇನ್ರಿ?" ಎಂದು ಕೇಳಿದ.

"ಆರಾಮ ಆಗತೈತ್ರಿ," ಎಂದೆ.

ಅವನು ಚಿತ್ರ ಬರೆದುಕೊಂಡ. ಮೂರನೇ ದಿನ ಬೆಳಿಗ್ಗೆ ಗೋಡೆ ಒಳಕ್ಕೆ ಸರಿಯಿತು. ಚಾಪೆ ಎತ್ತಿಕೊಳ್ಳುವಷ್ಟು ಹೊತ್ತು ಕೊಟ್ಟರು. ತಿಂಗಳೊಳಗೆ ಕಟ್ಟಡದ ನಾನೂರು ಕೋಣೆಗಳಿಗೂ ನನ್ನ ಅಳತೆಯೇ ಕಾಯಿದೆಯಾಯಿತು. 'ಕಮ್ಮಾರ ಜೋಡಣೆ' ಎಂದು ಹೆಸರನ್ನೂ ಇಟ್ಟರು. ಈಗ ಮೆಟ್ಟಿಲಲ್ಲಿ ಯಾರೂ ನನ್ನನ್ನು ಮಾತನಾಡಿಸುವುದಿಲ್ಲ.

ಇಮಾಂಬಿಯವರಿಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಕೂರಲಾಗದವರನ್ನು ಕೆಳನೆಲೆಗೆ, ಅಂದರೆ ನೆಲಮಾಳಿಗೆಯ ಸಾಲು ಮಂಚಗಳಿಗೆ, ಕಳಿಸುತ್ತಾರೆ. ಹೋಗುವಾಗ ಅವರು ಬೈಯಲಿಲ್ಲ. "ನನ್ನ ಸಲುವಾಗಿ ಮಾಡಿದಿ, ಗೊತ್ತೈತಿ ನನಗ," ಎಂದಷ್ಟೇ ಹೇಳಿದರು. ಅಲ್ಲಿಂದ ಮೇಲೆ ಬಂದವರನ್ನು ನಾನು ಕಂಡಿಲ್ಲ.

ನಾಳೆ ಅಳತೆಗಾರ ಮತ್ತೆ ಬರುತ್ತಾನೆ. ನನಗಿರುವುದು ಅವನ ಭಯವಲ್ಲ. ಈ ಸಾಮಾನನ್ನು ಇನ್ನೂ ಒಂದೂವರೆ ಅಡಿ ಕುಗ್ಗಿಸುವ ಬಗೆ ನನಗೆ ಹೊಳೆದುಬಿಟ್ಟಿದೆ. ಬೇಡವೆಂದರೂ ಹೊಳೆಯಿತು. ಕಪಾಟುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಹಲಗೆಯನ್ನು ಗೋಡೆಗೆ ಮಡಚಿದರೆ ಸಾಕು. ಎಲ್ಲೂ ಬರೆದಿಟ್ಟಿಲ್ಲ, ಯಾರಿಗೂ ಹೇಳಿಲ್ಲ. ಆದರೆ ಇನ್ನೂ ಸಣ್ಣದಾಗುತ್ತದೆಯೇ ಎಂದು ಅವನು ಕೇಳಿದಾಗ ನನ್ನ ಮುಖವೇ ಹೇಳಿಬಿಟ್ಟರೆ? ಬೆಳಗಿನಿಂದ ಕನ್ನಡಿಯ ಮುಂದೆ ನಿಂತು "ಇಲ್ರಿ" ಎನ್ನುವುದನ್ನು ರೂಢಿ ಮಾಡುತ್ತಿದ್ದೇನೆ.

ನಿಮ್ಮ ಕಾಲದ ಗೋಡೆಗಳು ಕದಲುವುದಿಲ್ಲವೆಂದು ಕೇಳಿದ್ದೇನೆ. ನೀವೂ ಜಾಗ ಉಳಿಸಿರಿ, ತಪ್ಪಿಲ್ಲ. ಉಳಿದ ಜಾಗದಲ್ಲಿ ಅಂದೇ ಯಾರನ್ನಾದರೂ ಕೂರಿಸಿಬಿಡಿ. ಖಾಲಿ ಬಿಟ್ಟು ಯಾರಿಗೂ ತೋರಿಸಬೇಡಿ.

ನಿಮ್ಮ,
ಶಾಂಭವಿ