ಕಾರ್ಡಮ್ಮನ ಕುರ್ಚಿ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 11

ಅಂಗಡಿಯಲ್ಲಿ ಹಾಲಿಗೆ ಬರುವವರ ಗಲಾಟೆ ಮುಗಿಯಿತು. ಬ್ರೆಡ್ ಖಾಲಿ. ಇನ್ನು ಮಧ್ಯಾಹ್ನದವರೆಗೆ ನೊಣ ಹೊಡೆಯುವ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅತ್ತೆ ಮಹಡಿಯಿಂದ ಇಳಿದು ಬಂದರು. ನಸ್ಯದ ಡಬ್ಬಿ ಬೇಕಂತೆ. ಕಾರ್ಡ್ ತೋರಿಸಿ ಅತ್ತೆ, ಅಂದೆ. ತಮಾಷೆಗಲ್ಲ. ರೂಲ್ಸೇ ಹಾಗಿದೆ. ಬೀಡಿ, ಸಿಗರೇಟು, ನಸ್ಯ — ತಂಬಾಕಿನದು ಏನೇ ಆಗಲಿ, ಕೊಳ್ಳುವವರಿಗೆ ಇಪ್ಪತ್ತೊಂದು ತುಂಬಿರಬೇಕು, ಗುರುತಿನ ಕಾರ್ಡ್ ತೋರಿಸಬೇಕು. ತಲೆ ಪೂರ್ತಿ ನರೆತಿದ್ದರೂ ಕೇಳಲೇಬೇಕು. ಮೇಲೆ ಕ್ಯಾಮೆರಾ ಬೇರೆ ಕಣ್ಣು ಬಿಟ್ಟುಕೊಂಡು ಕೂತಿದೆ.

"ನನ್ನ ಮಗನಿಗೇ ನಲವತ್ತೆರಡು. ನನ್ನ ವಯಸ್ಸು ಕೇಳ್ತೀಯಲ್ಲೇ ನೀನು" ಅಂದರು. ಮಂಡಿನೋವು ಇಟ್ಟುಕೊಂಡು ಮೆಟ್ಟಿಲು ಹತ್ತಿದರು, ಇಳಿದರು, ಕಾರ್ಡನ್ನು ಕೌಂಟರಿನ ಮೇಲೆ ಪಟ್ ಅಂತ ಕುಕ್ಕಿದರು. ಹುಟ್ಟಿದ ತಾರೀಕು ನೋಡಿದೆ. ಬೀರು ತೆಗೆದು ಡಬ್ಬಿ ಕೊಟ್ಟೆ. ಪಕ್ಕದಲ್ಲಿದ್ದ ಪೇಂಟರ್ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ.

ಬೀದಿ ಮಕ್ಕಳು ನನಗೆ ಕಾರ್ಡಮ್ಮ ಅಂತ ಹೆಸರಿಟ್ಟಿದ್ದಾರಂತೆ. ಮಗಳು ಶಾಲೆಯಿಂದ ಸುದ್ದಿ ತಂದಳು, ಮುಖ ಊದಿಸಿಕೊಂಡು. ನನಗೆ ಒಳಗೊಳಗೇ ಖುಷಿ. ಏನೋ ಒಂದನ್ನು ಸರಿಯಾಗಿ ಮಾಡುತ್ತಿದ್ದೇನಲ್ಲ.

ಮಾರ್ಚ್ 9, ಸೋಮವಾರ

ಕಟಿಂಗ್ ಮಾಸ್ಟರ್ ಫೋನ್. ಎಷ್ಟೋ ದಿನದ ಮೇಲೆ.

"ನಿನ್ನ ಟೇಬಲ್ ಮತ್ತೆ ಖಾಲಿಯಾಗಿದೆ ಕಣಮ್ಮಾ. ಏಪ್ರಿಲ್ ಮುಗಿಯೋವರೆಗೆ ಯಾರಿಗೂ ಕೊಡಲ್ಲ. ಆಮೇಲೆ ನನ್ನ ಕೈಲೂ ಇಲ್ಲ" ಅಂದರು.

ಅವರ ಯೂನಿಫಾರಂ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ. ಮದುವೆಗೆ ಮುಂಚೆಯೂ, ಮಗಳು ಹುಟ್ಟಿದ ಮೇಲೂ. ಪದರ ಪದರವಾಗಿ ಹಾಸಿದ ಬಟ್ಟೆಯೊಳಗೆ ದೊಡ್ಡ ಕತ್ತರಿ ಹೋಗುವ ಆ ಸದ್ದು... ಇವತ್ತಿಗೂ ಕಿವಿಯಲ್ಲಿದೆ. ಹೋದ ವರ್ಷ ಈ ರೂಲ್ಸ್ ಬಂತು. ಟ್ರೈನಿಂಗ್ ಮುಗಿಸಿ, ಪರೀಕ್ಷೆ ಪಾಸಾಗಿ, ಕುತ್ತಿಗೆಗೆ ಮಾರಾಟಗಾರರ ಬ್ಯಾಡ್ಜ್ ಹಾಕಿಕೊಂಡವರು ಮಾತ್ರ ಸಿಗರೇಟಿನ ಬೀರು ತೆಗೆಯಬಹುದು. ನೀನು ಓದಿದವಳು, ಮೊದಲು ನೀನು ಪಾಸ್ ಮಾಡು, ಎರಡು ತಿಂಗಳು ಕೂತಿರು, ಅಷ್ಟರಲ್ಲಿ ನಾನೂ ಪಾಸಾಗ್ತೀನಿ ಅಂದರು ನಮ್ಮ ಯಜಮಾನರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. ಇವರು ಎರಡು ಸಲ ಬರೆದರು. ಎರಡು ಸಲವೂ ಫೇಲ್. ಪಾಪ, ಎರಡನೇ ಸಲ ಊಟ ಸೇರದೆ ಮಲಗಿಬಿಟ್ಟರು. ನಾನೇ ಸಮಾಧಾನ ಮಾಡಿದೆ.

ವರ್ಷ ಕಳೆಯಿತು. ಬಾತ್‌ರೂಮಿಗೆ ಹೋಗಬೇಕಾದರೂ ಬೀರುವಿಗೆ ಬೀಗ ಹಾಕಬೇಕು. ವಾಪಸ್ ಬರುವಷ್ಟರಲ್ಲಿ ಯಾರಾದರೂ ಕೌಂಟರ್ ಕುಟ್ಟುತ್ತಿರುತ್ತಾರೆ. ಇವರು ಸರಕು ತರಲು ಅಂತ ಹೋದರೆ ಬರುವುದು ಸಂಜೆಗೆ.

ಸಂಜೆ ಇವರಿಗೆ ಟೇಬಲ್ ವಿಷಯ ಹೇಳಿದೆ. ಖಂಡಿತ ಹೋಗು, ಮುಂದಿನ ಪರೀಕ್ಷೆ ಬರಲಿ, ಈ ಸಲ ಬಿಡಲ್ಲ ಅಂದರು.

ಮಾರ್ಚ್ 17, ಮಂಗಳವಾರ. ಮಧ್ಯಾಹ್ನ 3

ಒಂದು ಹುಡುಗಿ ಬಂದಳು. ಹಳದಿ ಪಟ್ಟಿಯ ವಾಚು. "ಒಂದು ಪ್ಯಾಕ್ ಸಿಗರೇಟ್ ಕೊಡಿ ಆಂಟಿ" ಅಂದಳು. ಆಗಲೇ ಗೊತ್ತಾಯಿತು. ಸೇದುವವರು ಯಾರೂ ಸಿಗರೇಟ್ ಕೊಡಿ ಅನ್ನುವುದಿಲ್ಲ. ಕೆಂಪು, ನೀಲಿ, ಸಣ್ಣದು, ಉದ್ದದ್ದು ಅನ್ನುತ್ತಾರೆ. ನಿಜವಾಗಿ ಕದ್ದು ಸೇದುವ ಮಕ್ಕಳಂತೂ ಮೊದಲು ಚಾಕೊಲೇಟ್ ಕೊಂಡು, ಆಮೇಲೆ ಅಪ್ಪನಿಗೆ ಅಂತ ಸುಳ್ಳು ಹೇಳುತ್ತವೆ. ಕಾರ್ಡ್ ಕೇಳಿದೆ. ಇಲ್ಲ ಅಂದಳು. ಹೋಗಮ್ಮ ಅಂದೆ.

ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ್ ಮೇಡಂ, ಬ್ಯಾಡ್ಜ್ ಪರೀಕ್ಷೆ ನಡೆಸುವವರು, ನಗುತ್ತಾ ಬಂದರು. ಹುಡುಗಿಯನ್ನು ಕಳಿಸಿದ್ದು ಅವರೇ. ಅಂಗಡಿಯವರನ್ನು ಪರೀಕ್ಷೆ ಮಾಡಲು ಹೀಗೆ ಕಳಿಸುತ್ತಾರಂತೆ. ನೀವು ನಮಗೆ ಮಾದರಿ ಅಂದರು. ಟೀ ಕೊಟ್ಟೆ. ನಮ್ಮವರು ಎರಡು ಸಲ ಫೇಲಾದರು ಮೇಡಂ, ಈ ಸಲ ಪೇಪರ್ ಸ್ವಲ್ಪ ಸುಲಭ ಮಾಡಿ ಅಂತ ನಗೆಯಾಡಿದೆ.

"ಫೇಲ್ ಎಲ್ಲಿ ಆದ್ರಮ್ಮ? ಅವರು ಬಂದೇ ಇಲ್ಲ. ಎರಡು ಸಲವೂ ಅವರ ಕುರ್ಚಿ ಖಾಲಿ ಇತ್ತು."

ಟೀ ಲೋಟ ತೊಳೆದಿಟ್ಟೆ. ಮತ್ತೆ ತೊಳೆದೆ.

ಏಪ್ರಿಲ್ 2, ಗುರುವಾರ

ಬರೆಯಲು ಮನಸ್ಸೇ ಇರಲಿಲ್ಲ.

ಇವತ್ತು ಇವರೆದುರು ಬಾಯಿಬಿಟ್ಟೆ. ಅವತ್ತು ಮೇಡಂ ಬಂದಿದ್ದರು ಅಂದೆ, ಅಷ್ಟೇ. ಪೇಪರ್ ನಿಜವಾಗಲೂ ಕಷ್ಟ ಇತ್ತು ಅಂದುಬಿಟ್ಟರು. ಪೇಪರಿನ ಮಾತೇ ಎತ್ತಿರಲಿಲ್ಲ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕಡೆಗೆ ಸ್ಟೂಲ್ ಎಳೆದುಕೊಂಡು ಕೂತರು.

"ಹನ್ನೆರಡನೇ ವಯಸ್ಸಿಗೆ ಅಪ್ಪ ನನ್ನನ್ನ ಆ ಕುರ್ಚಿ ಮೇಲೆ ಕೂರಿಸಿದ್ರು. ಈಗ ಒಂದು ವರ್ಷದಿಂದ ಹೊರಗೆ ಓಡಾಡ್ತಿದ್ದೀನಿ. ಮತ್ತೆ ಅಲ್ಲಿ ಕೂರಕ್ಕೆ ನನ್ನಿಂದಾಗಲ್ಲ ಕಣೇ. ನಿನಗಾದ್ರೆ ಅಭ್ಯಾಸ ಆಗಿದೆ."

ಅಭ್ಯಾಸ.

ಕೋಪ ಬಂತು. ಅಯ್ಯೋ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಯಾವುದನ್ನು ಮೊದಲು ನುಂಗುವುದು? ಅಷ್ಟರಲ್ಲಿ ಯಾರೋ ಬಂದು ನೀಲಿ ಪ್ಯಾಕ್ ಕೇಳಿದರು. ಕಾರ್ಡ್ ನೋಡಿ ಕೊಟ್ಟೆ.

ಏಪ್ರಿಲ್ 11, ಶನಿವಾರ

ಇವತ್ತು ಕೂರಲಿಲ್ಲ. ಬ್ಯಾಡ್ಜನ್ನು ಮೊಳೆಗೆ ತೂಗುಹಾಕಿ ಬಸ್ ಹತ್ತಿದೆ. ಮಾಸ್ಟರ್ ಕತ್ತರಿ ಕೈಗೆ ಕೊಟ್ಟರು. ಒಂದು ಥಾನು ಬಟ್ಟೆ ಕತ್ತರಿಸಿ ತೋರಿಸಿದೆ. ಗೆರೆ ತಪ್ಪಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಮಾಸ್ಟರ್ ಆ ಕಡೆ ತಿರುಗಿ ಯಾರನ್ನೋ ಬೈಯುತ್ತಾ ನಿಂತರು.

ವಾಪಸ್ ಬಂದರೆ ಅತ್ತೆ ಕುರ್ಚಿ ಪಕ್ಕ ನೆಲದ ಮೇಲೆ ಕೂತು ಅಳುತ್ತಿದ್ದಾರೆ. ಬೀರು ಮುಚ್ಚಿದ್ದು ನೋಡಿ ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋದರಂತೆ. ಹಾಲು, ಸೋಪು ಕೂಡ ಅಲ್ಲೇ ಕೊಂಡರಂತೆ. ನನ್ನ ಗಂಡ ಕಟ್ಟಿದ ಅಂಗಡಿ, ನನ್ನ ಕಣ್ಣೆದುರಿಗೇ ಮುಚ್ಚಿಸಬೇಡ ಅಂತ ಕೈ ಹಿಡಿದುಕೊಂಡರು. ಇವರು ಬ್ಯಾಡ್ಜ್ ತಂದು ಕೌಂಟರಿನ ಮೇಲಿಟ್ಟರು, ಮೆತ್ತಗೆ.

ಹಾಕಿಕೊಂಡೆ. ಏನು ಮಾಡಲಿ.

ಏಪ್ರಿಲ್ 20, ಸೋಮವಾರ. ಮಧ್ಯಾಹ್ನ 2

ಮೇಡಂಗೆ ಫೋನ್ ಮಾಡಿದೆ. ಬ್ಯಾಡ್ಜ್ ವಾಪಸ್ ಕೊಡಬಹುದಾ? ಕೊಡಬಹುದು, ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕು. ಅಂದರೆ ಇವರದು. ಕೇಳಿದೆ. ನೋಡೋಣ ಅಂದರು. ಇವರ ನೋಡೋಣ ನನಗೆ ಗೊತ್ತಿಲ್ಲವೇ?

ಸುಮ್ಮನೆ ಕೇಳುವವಳ ಹಾಗೆ ಇನ್ನೊಂದು ಕೇಳಿದೆ. ಯಾರಾದರೂ ನಿಮ್ಮ ಹುಡುಗಿಗೆ ಮಾರಿ ಸಿಕ್ಕಿಬಿದ್ದರೆ? ಮಾರಿದವರ ಬ್ಯಾಡ್ಜ್ ಅಲ್ಲೇ ರದ್ದು, ಮೂರು ವರ್ಷ. ಮೊದಲ ಸಲವಾದರೆ ಅಂಗಡಿಗೆ ಏನೂ ಇಲ್ಲ, ಬೇರೆಯವರು ಪಾಸಾಗಲು ಎರಡು ವಾರ ಟೈಮ್. "ಮಾರಿದವರ ಹೆಸರು, ಫೋಟೋ ಅಂಗಡಿ ಬಾಗಿಲಿಗೆ ಅಂಟಿಸ್ತೀವಿ ಅಷ್ಟೇ. ನಿಮಗ್ಯಾಕಮ್ಮ ಆ ಚಿಂತೆ?"

ಆ ಪ್ಯಾಕು ಮೇಡಂ ಕೈಗೇ ಹೋಗುತ್ತದೆ. ಯಾರೂ ಸೇದುವುದಿಲ್ಲ. ನಿಜವಾದ ಮಗು ಕೇಳಿದರೆ ನನ್ನ ಕೈ ಏಳುವುದೇ ಇಲ್ಲ, ಸತ್ತರೂ ಇಲ್ಲ. ಆದರೆ ಫೋಟೋ ನೋಡುವವರಿಗೆ ಅದೆಲ್ಲ ಯಾರು ಹೇಳುತ್ತಾರೆ? ಮಕ್ಕಳಿಗೆ ಸಿಗರೇಟು ಮಾರಿದವಳು. ಮಗಳು ದಿನಾ ಅದರ ಪಕ್ಕದಿಂದಲೇ ಶಾಲೆಗೆ ಹೋಗಬೇಕು.

ಏಪ್ರಿಲ್ 26, ಭಾನುವಾರ

ಮಗಳ ತಲೆ ಬಾಚುತ್ತಾ ಕೇಳಿದೆ. ನಾನು ಒಂದು ಸಲ ಯಾರಿಗಾದರೂ ಕಾರ್ಡ್ ನೋಡದೆ ಕೊಟ್ಟುಬಿಟ್ಟರೆ?

"ನೀನಾ? ಅಜ್ಜಿಗೇ ಕಾರ್ಡ್ ಕೇಳಿದೋಳು ನೀನು" ಅಂತ ನಕ್ಕಳು. ಹೆಮ್ಮೆಯಿಂದಲೇ ನಕ್ಕಳು. ಹೆರಳು ಬಿಗಿಯಾಯಿತು ಅಂದಳು. ಬಿಚ್ಚಿ ಮತ್ತೆ ಹೆಣೆದೆ.

ಏಪ್ರಿಲ್ 29, ಬುಧವಾರ. ಬೆಳಿಗ್ಗೆ 11.20

ಮಾಸ್ಟರ್ ಬೆಳಿಗ್ಗೆಯೇ ಫೋನ್ ಮಾಡಿದ್ದರು. ನಾಳೆ ಕಡೆ ದಿನ. ಹೇಳ್ತೀನಿ ಅಂದೆ. ಇವರು ಸರಕು ತರಲು ಹೋಗಿದ್ದಾರೆ. ಪರೀಕ್ಷೆಗೆ ಹೆಸರು ಕೊಟ್ಟಿರಾ ಅಂತ ಕೇಳಿದ್ದಕ್ಕೆ ಚಪ್ಪಲಿ ಹುಡುಕಿದರು.

ಮೂಲೆಯಲ್ಲಿ ಮೇಡಂ ಅವರ ಬಿಳಿ ವ್ಯಾನು ನಿಂತಿದೆ. ಹೋದ ಸಲವೂ ಅಲ್ಲೇ ನಿಂತಿತ್ತು.

ಗಾಜಿನಾಚೆ ಅದೇ ಹುಡುಗಿ. ಎರಡು ಜಡೆ ಹಾಕಿದ್ದಾರೆ, ಗುರುತು ಸಿಗದಿರಲಿ ಅಂತ. ವಾಚು ಬಿಚ್ಚಲು ಮರೆತಿದ್ದಾರೆ. ಬಿಸ್ಕತ್ತಿನ ಜಾಡಿ ನೋಡುವವಳ ಹಾಗೆ ನಿಂತಿದ್ದಾಳೆ, ಪಾಪ. ಅವಳಿಗೂ ಹೆದರಿಕೆ.

ಕಾರ್ಡ್ ತೋರಿಸಮ್ಮ — ಈ ಮಾತು ನನ್ನನ್ನು ಕೇಳದೆಯೇ ಬಾಯಿಗೆ ಬಂದುಬಿಡುತ್ತದೆ. ಅಭ್ಯಾಸ. ಅದಕ್ಕೇ ಎರಡು ಪೆಪ್ಪರ್‌ಮೆಂಟ್ ಒಟ್ಟಿಗೆ ಬಾಯಿಗೆ ಹಾಕಿಕೊಂಡಿದ್ದೇನೆ.

ಮಗಳೇ, ಬಾಗಿಲ ಮೇಲೆ ಓದುವುದಕ್ಕೆ ಮುಂಚೆ ನಾನೇ ನಿನಗೆ ಹೇಳ್ತೀನಿ. ಶಾಲೆಯ ಗೇಟಿಗೇ ಬರ್ತೀನಿ. ಮಧ್ಯಾಹ್ನವೇ. ಬರಬಹುದು ನಾನು, ಕೂರಬೇಕಾಗಿರುವುದಿಲ್ಲ.

ಬಾಗಿಲು ತಳ್ಳಿದಳು. ಬೀಗದ ಕೈ ಎಲ್ಲಿ — ಹಾಂ, ಕೈಯಲ್ಲೇ